ಆ ಗ್ರಹಣದ ದಿನ ನಾನು ಮಾಳಿಗೆಯ ಮೇಲಿರಲಿಲ್ಲ

ನಿನ್ನ ಮೊಟ್ಟಮೊದಲ ನೆನಪು ಯಾವುದು ಎಂದು ಯಾರೇ ಕೇಳಿದರೂ ಇಷ್ಟು ವರ್ಷ ನನ್ನದು ಒಂದೇ ಉತ್ತರ: ಗ್ರಹಣ.

ಗದಗಿನ ನಮ್ಮ ಹಳೆಯ ಮನೆಯ ಮಾಳಿಗೆ. ಒಂದು ಬದಿಗೆ ಒಣಹಾಕಿದ ಬ್ಯಾಡಗಿ ಮೆಣಸಿನಕಾಯಿ. ಮಧ್ಯಾಹ್ನದ ಬಿಸಿಲು ಮೆಲ್ಲಗೆ ಬೂದಿ ಬಣ್ಣಕ್ಕೆ ತಿರುಗುತ್ತದೆ. ಕೆಳಗೆ ಓಣಿಯಲ್ಲಿ ನರಪಿಳ್ಳೆ ಇಲ್ಲ. ಬೇವಿನ ಮರದ ನೆರಳಿನ ತುಂಬ ಕುಡಗೋಲಿನಂಥ ಸಣ್ಣ ಸಣ್ಣ ಬೆಳಕಿನ ಚೂರುಗಳು. ಗುಬ್ಬಿಗಳು ಹೊತ್ತು ಮುಳುಗಿತೆಂದು ಜಂತಿಯ ಸಂದಿಗೆ ಮರಳುತ್ತವೆ. ಆಮೇಲೆ ಒಮ್ಮೆಲೆ ಕತ್ತಲು. ಒಂದು ಚುಕ್ಕಿ. ಸೂರ್ಯ ಇದ್ದ ಜಾಗದಲ್ಲಿ ಒಂದೇ ಹರಳಿನ ಉಂಗುರ. ಅತ್ತಿಯ ಸೊಂಟದ ಮೇಲೆ ಕೆಂಪು ಫ್ರಾಕ್ ತೊಟ್ಟ ನಾನು, ಬಾಯಿ ತೆರೆದು ಮೇಲೆ ನೋಡುತ್ತಿದ್ದೇನೆ.

ಈ ನೆನಪಿಗೆ ಒಂದು ವಿಶೇಷವಿತ್ತು. ಬಾಲ್ಯದ ಬೇರೆ ನೆನಪುಗಳಿಗೆ ತಾರೀಖು ಇರುವುದಿಲ್ಲ, ಇದಕ್ಕಿತ್ತು. 1980ರ ಫೆಬ್ರುವರಿ 16, ಶನಿವಾರ. ಶಿವರಾತ್ರಿಯ ಬೆನ್ನಿಗೆ ಬಂದ ಅಮಾವಾಸ್ಯೆ. ಅವತ್ತು ಚಂದ್ರನ ನೆರಳು ಅರಬ್ಬಿ ಸಮುದ್ರದ ಮೇಲಿಂದ ಬಂದು ಅಂಕೋಲೆಯ ಹತ್ತಿರ ಕರಾವಳಿ ದಾಟಿ ಹುಬ್ಬಳ್ಳಿ, ಗದಗು, ರಾಯಚೂರಿನ ಮೇಲೆ ಹಾದು ಆಂಧ್ರದ ಕಡೆಗೆ ಹೋಯಿತು. ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳು ದೂರದರ್ಶಕ ಹೂಡಿಕೊಂಡು ಕಾದಿದ್ದರು. ಮಧ್ಯಾಹ್ನ ಮೂರು ಮುಕ್ಕಾಲರ ಆಸುಪಾಸಿಗೆ ಖಗ್ರಾಸ ಹಿಡಿದು ಮೂರು ನಿಮಿಷ ತುಂಬುವ ಮೊದಲೇ ಬಿಟ್ಟಿತು. ನನಗೆ ಆಗ ಎರಡು ವರ್ಷ ಮೂರು ತಿಂಗಳು. ಅಷ್ಟು ಸಣ್ಣ ವಯಸ್ಸಿನದು ಇಷ್ಟು ಸ್ಪಷ್ಟವಾಗಿ ನೆನಪಿದೆಯಲ್ಲ ಎಂದು ಕೇಳಿದವರು ಬೆರಗಾಗುತ್ತಿದ್ದರು. ನನಗೂ ಒಳಗೊಳಗೆ ಹೆಮ್ಮೆ.

ಕಳೆದ ವರ್ಷ ಆ ಮನೆಯನ್ನು ಕೆಡವುವುದೆಂದು ತೀರ್ಮಾನವಾಯಿತು. ಸಾಮಾನು ವಿಲೇವಾರಿಗೆ ಎಲ್ಲರೂ ಸೇರಿದ್ದೆವು. ಸಂಜೆ ಅತ್ತಿಯನ್ನು ಕೈ ಹಿಡಿದು ಮಾಳಿಗೆ ಹತ್ತಿಸಿದೆ. ಅಪ್ಪನ ತಂಗಿ ಆಕೆ, ಈಗ ಅರವತ್ತು ದಾಟಿದೆ.

"ಅತ್ತಿ, ಗ್ರಹಣದ ದಿನ ಇಲ್ಲೇ ಅಲ್ಲಾ ನಾವು ನಿಂತಿದ್ದು? ನನ್ನ ನೀ ಎತ್ಕೊಂಡಿದ್ದಿ."

ಅತ್ತಿ ನನ್ನ ಮುಖ ನೋಡಿದಳು. "ನೀ ಎಲ್ಲಿದ್ದೀಯವ್ವಾ ಆಗ? ನೀನು, ನಿಮ್ಮವ್ವ ಇಬ್ರೂ ದುರ್ಗದಾಗ ಇದ್ರಿ. ನಿನ್ನ ತಮ್ಮ ಹೊಟ್ಟ್ಯಾಗಿದ್ದ. ಬಸುರಿ ಹೆಂಗಸು, ಗ್ರಹಣ ಪೂರ್ತಿ ಹಿಡಿಯೂ ಊರಾಗ ಬ್ಯಾಡ ಅಂತ ಆಯಿನ ಹದಿನೈದು ದಿನ ಮೊದಲ ತವರಿಗೆ ಕಳಿಸಿದ್ಲು."

"ಮತ್ತ ನೀನು?"

"ನಾ ಒಬ್ಬಾಕಿನ ಹತ್ತಿದ್ದೆ. ಆಯಿ ದೇವರ ಖೋಲ್ಯಾಗ ಜಪಕ್ಕ ಕುಂತಿದ್ಲು. ಕದ್ದು ಹತ್ತಿ ನೋಡಿ ಇಳಿದೆ, ಯಾರಿಗೂ ಹೇಳಲಿಲ್ಲ. ಆಮ್ಯಾಲೆ ನೀ ಬಂದಿ. ನಿನಗ ಉಣಸೂ ಮುಂದ ದಿನಾ ಅದನ್ನ ಹೇಳತಿದ್ದೆ. ಬಾಯಿ ತೆರೀತಿದ್ದಿ, ತುತ್ತು ಹಾಕತಿದ್ದೆ."

ರಾತ್ರಿ ಹುಬ್ಬಳ್ಳಿಯಲ್ಲಿದ್ದ ಅವ್ವನಿಗೆ ಫೋನು ಮಾಡಿದೆ. ಅತ್ತಿ ಹೇಳಿದ್ದೇ ಸರಿ. ಚಿತ್ರದುರ್ಗದ ಅಜ್ಜನ ಮನೆಯಲ್ಲಿ ಕಿಟಕಿ ಬಾಗಿಲು ಹಾಕಿ, ತಾಟಿನಲ್ಲಿ ನೀರು ತುಂಬಿ ನಡುವೆ ಒನಕೆ ನಿಲ್ಲಿಸಿ, ಉಪ್ಪಿನಕಾಯಿ ಭರಣಿಯ ಮೇಲೆ ಗರಿಕೆ ಇಟ್ಟು ಎಲ್ಲರೂ ಒಳಗೇ ಕುಳಿತಿದ್ದರಂತೆ. ಅಲ್ಲಿ ಗ್ರಹಣ ಪೂರ್ತಿ ಹಿಡಿಯಲೂ ಇಲ್ಲ, ದುರ್ಗ ಆ ನೆರಳಿನ ಪಟ್ಟಿಯ ಹೊರಗಿತ್ತು. ತಮ್ಮನ ಜನನ ಪ್ರಮಾಣಪತ್ರ ತೆಗೆಸಿ ನೋಡಿದೆ: ಚಿತ್ರದುರ್ಗ, ಮಾರ್ಚ್ 1980. ಇನ್ನು ವಾದಕ್ಕೆ ಜಾಗವಿರಲಿಲ್ಲ.

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಸುಳ್ಳು ಹೇಳಿದ್ದೇನೆ ಎಂಬ ತಪ್ಪಿನ ಭಾವ ಒಂದು ಕಡೆ. ಅದಕ್ಕಿಂತ ಹೆಚ್ಚಾಗಿ ಕಾಡಿದ್ದು ಬೇರೆ. ಸತ್ಯ ಗೊತ್ತಾದ ಮೇಲೂ ಆ ಚಿತ್ರ ಒಂದಿಷ್ಟೂ ಮಸುಕಾಗಲಿಲ್ಲ. ಕಣ್ಣು ಮುಚ್ಚಿದರೆ ಅದೇ ಬೂದಿ ಬೆಳಕು, ಅದೇ ಗುಬ್ಬಿಗಳು. ಈಗಲೂ ಹಾಗೇ ಇದೆ. ಇದು ನನ್ನ ನೆನಪಲ್ಲ ಎಂದು ಬುದ್ಧಿಗೆ ಗೊತ್ತು, ನೆನಪಿಗೆ ಗೊತ್ತಿಲ್ಲ.

ಮಕ್ಕಳ ಮನಸ್ಸಿನ ಬಗ್ಗೆ ಬದುಕಿಡೀ ಕೆಲಸ ಮಾಡಿದ ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆಗೂ ಹೀಗೇ ಆಗಿತ್ತು ಎಂದು ಓದಿದಾಗ ಒಂದು ತರಹ ಸಮಾಧಾನವಾಯಿತು. ಎರಡು ವರ್ಷದವನಿದ್ದಾಗ ಪ್ಯಾರಿಸ್ಸಿನ ಶಾಂಜ್ ಎಲಿಜೆ ಬೀದಿಯಲ್ಲಿ ಯಾರೋ ತನ್ನನ್ನು ಅಪಹರಿಸಲು ಬಂದದ್ದು ಅವರಿಗೆ ಕಣ್ಣಿಗೆ ಕಟ್ಟಿದಂತೆ ನೆನಪಿತ್ತು. ತಳ್ಳುಗಾಡಿಗೆ ಬಿಗಿದ ಪಟ್ಟಿ, ಕಳ್ಳನೊಂದಿಗೆ ಹೋರಾಡಿದ ದಾದಿ, ಆಕೆಯ ಮುಖದ ಮೇಲಿನ ಗೀರುಗಳು, ಓಡಿಬಂದ ಪೊಲೀಸ್. ಮನೆಯವರು ಮೆಚ್ಚಿ ದಾದಿಗೆ ಒಂದು ಗಡಿಯಾರ ಕೊಟ್ಟಿದ್ದರು. ಪಿಯಾಜೆಗೆ ಸುಮಾರು ಹದಿನೈದು ವರ್ಷವಾದಾಗ ಆ ದಾದಿಯಿಂದ ಕಾಗದ ಬಂತು. ಆಕೆ ಧಾರ್ಮಿಕ ಸಂಘವೊಂದನ್ನು ಸೇರಿದ್ದಳು, ಹಳೆಯ ತಪ್ಪು ಒಪ್ಪಿಕೊಳ್ಳಬೇಕಿತ್ತು. ಕಳ್ಳ ಬಂದೇ ಇರಲಿಲ್ಲ, ಗೀರುಗಳನ್ನು ತಾನೇ ಮಾಡಿಕೊಂಡಿದ್ದೆ ಎಂದು ಬರೆದು ಗಡಿಯಾರ ವಾಪಸು ಕಳಿಸಿದ್ದಳು. ಮನೆಯವರು ನಂಬಿ ಹೇಳುತ್ತಿದ್ದ ಕತೆಯನ್ನು ಕೇಳಿ ಕೇಳಿ ತಾನು ಅದನ್ನು ಕಂಡ ದೃಶ್ಯವಾಗಿ ಮಾಡಿಕೊಂಡಿರಬೇಕು ಎಂದು ಪಿಯಾಜೆ ಮುಂದೆ ಬರೆದರು. ಅಲ್ಲಿ ಕತೆಯೇ ಸುಳ್ಳು. ನನ್ನಲ್ಲಿ ಕತೆ ನಿಜ, ಕಂಡವಳು ಮಾತ್ರ ಬೇರೆ. ಆದರೆ ಎರಡು ಮಕ್ಕಳ ತಲೆಯಲ್ಲೂ ನಡೆದದ್ದು ಒಂದೇ.

ಹಾಗಾದರೆ ನನ್ನ ಗ್ರಹಣ ಯಾವ ಯಾವ ಎಳೆಯಿಂದ ನೇಯ್ದದ್ದು? ಕುಳಿತು ಬಿಡಿಸಲು ನೋಡಿದೆ. ಬೂದಿ ಬೆಳಕು, ಗುಬ್ಬಿ, ಬೇವಿನ ನೆರಳಿನ ಕುಡಗೋಲುಗಳು ಅತ್ತಿಯವು. ಎಲೆಗಳ ಸಂದಿಯಿಂದ ತೂರಿದ ಬೆಳಕು ಅರೆಬಿಂಬವಾಗಿ ನೆಲಕ್ಕೆ ಬೀಳುವುದನ್ನು ನಿಂತು ನೋಡಿದವರಷ್ಟೇ ಹಾಗೆ ಹೇಳಬಲ್ಲರು. ಹರಳಿನ ಉಂಗುರ ಅತ್ತಿಯದಲ್ಲ. "ಉಂಗುರ ಗಿಂಗುರ ನಾ ಕಾಣಲಿಲ್ಲ, ಹೆದರಿ ತಲೆ ತಗ್ಗಿಸಿದ್ದೆ" ಅಂದಳು. ಅದು ಬಂದದ್ದು 1995ರ ಅಕ್ಟೋಬರ್ 24ರಂದು, ದೀಪಾವಳಿ ಅಮಾವಾಸ್ಯೆಯ ಬೆಳಿಗ್ಗೆ. ಆಗ ನಾನು ಪಿಯುಸಿ. ಉತ್ತರ ಭಾರತದಲ್ಲಿ ಖಗ್ರಾಸ, ನಮ್ಮಲ್ಲಿ ಪಾರ್ಶ್ವ ಗ್ರಹಣ. ದೂರದರ್ಶನದಲ್ಲಿ ನೇರ ಪ್ರಸಾರವಿತ್ತು. ಟೀವಿಯಲ್ಲಿ ಕಂಡ ಆ ವಜ್ರದುಂಗುರ ಹದಿನೈದು ವರ್ಷ ಹಿಂದಕ್ಕೆ ಹೋಗಿ ನಮ್ಮ ಮಾಳಿಗೆಯ ಮೇಲಿನ ಆಕಾಶದಲ್ಲಿ ಕೂತುಕೊಂಡಿತು. ಎಲ್ಲಿ ಕಂಡೆ ಎಂಬುದು ಅಳಿಸಿಹೋಗಿ, ಕಂಡದ್ದು ಮಾತ್ರ ಉಳಿಯಿತು.

ಅತ್ತಿಯ ಸೊಂಟದ ಮೇಲಿನ ಮಗು ಒಂದು ಫೋಟೊದ್ದು. ಅದೇ ಮಾಳಿಗೆ, ಅತ್ತಿಯ ಸೊಂಟ, ಫ್ರಾಕ್ ತೊಟ್ಟ ನಾನು. ಹಿಂದೆ ಶಾಯಿಯಲ್ಲಿ ಬರೆದಿದೆ: ದೀಪಾವಳಿ 1980. ಅಂದರೆ ಗ್ರಹಣ ಕಳೆದು ಒಂಬತ್ತು ತಿಂಗಳಾಗಿದೆ. ನಾನು ಮೊದಲೇ ಅನುಮಾನ ಪಡಬೇಕಿತ್ತು. ಆ ನೆನಪಿನಲ್ಲಿ ನನಗೆ ನನ್ನ ಮುಖವೇ ಕಾಣುತ್ತಿತ್ತಲ್ಲ! ನಾವು ಲೋಕವನ್ನು ನೋಡುವುದು ನಮ್ಮ ಕಣ್ಣಿನಿಂದ. ನೆನಪಿನಲ್ಲಿ ನಾವೇ ಎದುರಿಗೆ ನಿಂತಿದ್ದರೆ ಅದರ ಮೇಲೆ ಆಮೇಲಿನ ಕೈಗಳು ಕೆಲಸ ಮಾಡಿವೆ ಎಂದೇ ಅರ್ಥ.

ಫೋಟೊಗಳ ಶಕ್ತಿಯನ್ನು ನಾವು ಕಡಿಮೆ ಅಂದಾಜು ಮಾಡುತ್ತೇವೆ. 2002ರಲ್ಲಿ ಮನೋವಿಜ್ಞಾನಿ ಕಿಂಬರ್ಲಿ ವೇಡ್ ಮತ್ತು ಸಂಗಡಿಗರು ಇಪ್ಪತ್ತು ಮಂದಿ ದೊಡ್ಡವರಿಗೆ ಅವರವರ ಬಾಲ್ಯದ ಫೋಟೊಗಳನ್ನು ತೋರಿಸಿದರು. ಅದರಲ್ಲೊಂದು ತಿದ್ದಿದ್ದು: ಎಂದೂ ಹತ್ತದಿದ್ದ ಬಿಸಿಗಾಳಿ ಬಲೂನಿನಲ್ಲಿ ಆ ಮಗು ಕೂತಿರುವ ಹಾಗೆ. ಮೂರು ಸಲ ಮಾತಾಡಿಸುವಷ್ಟರಲ್ಲಿ ಅರ್ಧದಷ್ಟು ಮಂದಿ ಆ ಪ್ರಯಾಣವನ್ನು ಅಷ್ಟೋ ಇಷ್ಟೋ ನೆನಪಿಸಿಕೊಂಡಿದ್ದರು. ಅದಕ್ಕೂ ಮೊದಲು, 1995ರಲ್ಲಿ ಎಲಿಜಬೆತ್ ಲಾಫ್ಟಸ್ ಅವರ ಪ್ರಯೋಗದಲ್ಲಿ ಫೋಟೊ ಕೂಡ ಬೇಕಾಗಿರಲಿಲ್ಲ. ನೀನು ಸಣ್ಣವನಿದ್ದಾಗ ಅಂಗಡಿ ಸಂಕೀರ್ಣದಲ್ಲಿ ತಪ್ಪಿಸಿಕೊಂಡಿದ್ದೆ ಎಂದು ಮನೆಯವರ ಹೆಸರಿನಲ್ಲಿ ಹೇಳಿದ್ದಷ್ಟೇ, 24 ಜನರಲ್ಲಿ ಆರು ಮಂದಿ ಒಪ್ಪಿಕೊಂಡರು. ಇವರ್ಯಾರೂ ಸುಳ್ಳು ಹೇಳುವವರಲ್ಲ. ಪ್ರೀತಿಯ ಮನೆಯವರು ಹೇಳಿದ್ದನ್ನು ನಂಬಿ, ಖಾಲಿ ಜಾಗಕ್ಕೆ ತಮ್ಮದೇ ಬಣ್ಣ ತುಂಬಿದವರು.

ಖಾಲಿ ಜಾಗವಂತೂ ಇದ್ದೇ ಇದೆ. ದೊಡ್ಡವರನ್ನು ಕೇಳಿದರೆ ಮೊದಲ ನೆನಪು ಸರಾಸರಿ ಮೂರರಿಂದ ಮೂರೂವರೆ ವರ್ಷದ ಹೊತ್ತಿನದು ಎಂದು ನೂರು ವರ್ಷಕ್ಕೂ ಹಿಂದಿನಿಂದ ನಡೆದ ಸಮೀಕ್ಷೆಗಳು ಹೇಳುತ್ತ ಬಂದಿವೆ. ಹಾಗಿದ್ದೂ 2018ರಲ್ಲಿ ಬ್ರಿಟನ್ನಿನ ಸಂಶೋಧಕರು 6,641 ಜನರನ್ನು ಕೇಳಿದಾಗ ಶೇಕಡ 39ರಷ್ಟು ಮಂದಿ ಎರಡು ವರ್ಷದ ಅಥವಾ ಅದಕ್ಕೂ ಹಿಂದಿನ ನೆನಪು ಹೇಳಿದರು. ಕೆಲವರು ತೊಟ್ಟಿಲಿನಿಂದ ಕಂಡದ್ದನ್ನೇ ಹೇಳಿದರು. ಬಹುಪಾಲು ಇವು ಕಟ್ಟಿಕೊಂಡ ನೆನಪುಗಳು ಎಂಬುದು ಸಂಶೋಧಕರ ತೀರ್ಮಾನ. ಆ ಸಾಲಿನಲ್ಲಿ ನಾನೂ ಇದ್ದೇನೆ.

ಕೂಸುಗಳಿಗೆ ನೆನಪೇ ನಿಲ್ಲುವುದಿಲ್ಲ ಎಂದೇನಲ್ಲ. ಮಿದುಳಿನಲ್ಲಿ ಘಟನೆಗಳನ್ನು ಹೆಣೆದಿಡುವ ಹಿಪ್ಪೊಕ್ಯಾಂಪಸ್ ಎಂಬ ಭಾಗ ಒಂದು ವರ್ಷದ ಹೊತ್ತಿಗೇ ಆ ಕೆಲಸ ಶುರುಮಾಡಿರುತ್ತದೆ ಎಂದು 2025ರಲ್ಲಿ ಕೂಸುಗಳ ಮಿದುಳಿನ ಸ್ಕ್ಯಾನ್ ಮಾಡಿ ಅಮೆರಿಕದ ವಿಜ್ಞಾನಿಗಳು ತೋರಿಸಿದರು. ಕಷ್ಟ ಇರುವುದು ಇಟ್ಟದ್ದನ್ನು ಮತ್ತೆ ತೆಗೆಯುವುದರಲ್ಲಿ. ಆ ವಯಸ್ಸಿನಲ್ಲಿ ಅಲ್ಲಿ ಹೊಸ ನರಕೋಶಗಳು ಹೇರಳವಾಗಿ ಹುಟ್ಟುತ್ತವೆ, ಅವು ಜಾಗ ಮಾಡಿಕೊಳ್ಳುವಾಗ ಹಳೆಯ ಹೆಣಿಗೆ ಸಡಿಲವಾಗುತ್ತದೆ ಎಂದು ಟೊರಾಂಟೊದ ಪ್ರಯೋಗಶಾಲೆಯೊಂದು 2014ರಲ್ಲಿ ಇಲಿಗಳಲ್ಲಿ ಕಂಡುಕೊಂಡಿತು. ಅದೇ ತಂಡ ನಾಲ್ಕು ವರ್ಷದ ನಂತರ, ಮರೆತಂತೆ ಕಂಡ ಎಳೆಯ ಇಲಿಗಳ ನೆನಪನ್ನು ಬೆಳಕು ಹಾಯಿಸಿ ಎಬ್ಬಿಸಿಯೂ ತೋರಿಸಿತು. ಪೆಟ್ಟಿಗೆ ಇದೆ, ಕೀಲಿ ಕಳೆದಿದೆ.

ಕೀಲಿಯ ಒಂದು ಭಾಗ ಮಾತು. ನನಗೆ ತುಂಬ ಹಿಡಿಸಿದ ಪ್ರಯೋಗವೊಂದನ್ನು ನ್ಯೂಜಿಲೆಂಡಿನಲ್ಲಿ ಗೇಬ್ರಿಯೆಲ್ ಸಿಮ್‌ಕಾಕ್ ಮತ್ತು ಹಾರ್ಲೀನ್ ಹೇನ್ ಮಾಡಿದ್ದರು, 2002ರಲ್ಲಿ ಪ್ರಕಟವಾಯಿತು. ಎರಡು ಮೂರು ವರ್ಷದ ಮಕ್ಕಳ ಮುಂದೆ ಒಂದು ಮಾಯಾ ಯಂತ್ರ. ದೊಡ್ಡ ಆಟಿಕೆ ಒಳಗೆ ಹಾಕಿ ಹಿಡಿಕೆ ತಿರುಗಿಸಿದರೆ ಅದೇ ಆಟಿಕೆ ಪುಟ್ಟದಾಗಿ ಹೊರಬರುತ್ತದೆ. ಆರು ತಿಂಗಳು, ವರ್ಷ ಕಳೆದು ಕೇಳಿದಾಗ ಮಕ್ಕಳು ಅದನ್ನು ಕೈಯಿಂದ ಮಾಡಿ ತೋರಿಸಬಲ್ಲವರಾಗಿದ್ದರು, ಫೋಟೊದಲ್ಲಿ ಗುರುತಿಸಬಲ್ಲವರಾಗಿದ್ದರು. ಆದರೆ ಬಾಯಲ್ಲಿ ಹೇಳುವಾಗ, ಯಂತ್ರ ನೋಡಿದ ದಿನ ತಮಗೆ ಬಾರದಿದ್ದ ಒಂದೇ ಒಂದು ಪದವನ್ನೂ ಅದಕ್ಕೆ ಬಳಸಲಿಲ್ಲ. ನಡುವೆ ಎಷ್ಟೋ ಹೊಸ ಪದ ಕಲಿತಿದ್ದರು, ಅವನ್ನು ಹಳೆಯ ನೆನಪಿಗೆ ತೊಡಿಸಲು ಆಗಲಿಲ್ಲ. ಇದನ್ನು ಓದಿ ನನ್ನ ಗ್ರಹಣವನ್ನು ಇನ್ನೊಮ್ಮೆ ನೋಡಿದೆ. ಬೂದಿ ಬಣ್ಣ, ಕುಡಗೋಲು, ಹರಳಿನ ಉಂಗುರ. ಎರಡೂಕಾಲು ವರ್ಷದ ಯಾವ ಮಗುವಿನ ಬಾಯಲ್ಲಿ ಇಷ್ಟು ಮಾತಿರುತ್ತದೆ?

ನಮ್ಮಂಥ ತುಂಬಿದ ಮನೆಗಳಲ್ಲಿ ಇದು ಇನ್ನೂ ತೊಡಕು ಎನಿಸುತ್ತದೆ. ನ್ಯೂಜಿಲೆಂಡಿನದೇ 2000ದ ಒಂದು ಅಧ್ಯಯನದಲ್ಲಿ ಅಲ್ಲಿನ ಮೂಲನಿವಾಸಿಗಳಾದ ಮಾವೊರಿ ಜನರ ಮೊದಲ ನೆನಪು ಸರಾಸರಿ ಎರಡು ವರ್ಷ ಎಂಟು ತಿಂಗಳಿನದು, ಯುರೋಪ್ ಮೂಲದವರದು ಅದಕ್ಕಿಂತ ಹತ್ತು ತಿಂಗಳು ಈಚಿನದು. ಮಾವೊರಿ ಮನೆಗಳಲ್ಲಿ ಹಿಂದಿನದನ್ನು ಮಕ್ಕಳೆದುರು ಮತ್ತೆ ಮತ್ತೆ ಹೇಳುವ ರೂಢಿ ಬಲವಾಗಿದೆ, ಅದೇ ಕಾರಣವಿರಬೇಕು ಎನ್ನುತ್ತಾರೆ. ನಾನು ಇದನ್ನು ನಂಬುತ್ತೇನೆ. ಮಾತಾಡುತ್ತಿದ್ದರೆ ನೆನಪು ಉಳಿಯುತ್ತದೆ. ಆದರೆ ಉಳಿಸುವ ಆ ಮಾತೇ ನೆನಪನ್ನು ತಿದ್ದುವುದೂ ಹೌದು. ಅತ್ತಿ ತುತ್ತಿಗೊಮ್ಮೆ ಗ್ರಹಣ ಹೇಳದಿದ್ದರೆ ನನ್ನಲ್ಲಿ ಅದು ಇರುತ್ತಲೇ ಇರಲಿಲ್ಲ, ಹೇಳಿದ್ದರಿಂದಲೇ ಅದು ನನ್ನದಲ್ಲದೆಯೂ ನನ್ನದಾಯಿತು.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಇದನ್ನೆಲ್ಲ ಓದಿದ ಕೆಲವರು, ಹಾಗಾದರೆ ಮಕ್ಕಳ ಮಾತು ನಂಬಲೇಬಾರದು ಎಂದುಬಿಡುತ್ತಾರೆ. ಅದು ದೊಡ್ಡ ಅನ್ಯಾಯ. ಐದಾರು ವರ್ಷದ ಮಕ್ಕಳಿಗೆ ತಾವು ಮೂರು ವರ್ಷದವರಿದ್ದಾಗಿನ ಘಟನೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ನೆನಪಿರುತ್ತವೆ, ಎಂಟೊಂಬತ್ತು ವರ್ಷವಾಗುವಷ್ಟರಲ್ಲಿ ಮೂರನೇ ಒಂದು ಪಾಲಿಗೆ ಇಳಿಯುತ್ತದೆ ಎಂದು ಅಟ್ಲಾಂಟಾದಲ್ಲಿ ಪೆಟ್ರೀಷಿಯಾ ಬಾಯರ್ ತೋರಿಸಿದ್ದಾರೆ. ಅಂದರೆ ಮಗು ಮಗುವಾಗಿದ್ದಾಗಲೇ, ಬೇಗನೆ, ಬಾಯಲ್ಲಿ ಮಾತು ತುರುಕದೆ ಕೇಳಬೇಕು. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ನಮ್ಮ 2012ರ ಪೋಕ್ಸೊ ಕಾಯ್ದೆಯಲ್ಲಿ ಮಗುವಿನ ಹೇಳಿಕೆ ಪಡೆಯುವ ಪೊಲೀಸರು ಸಮವಸ್ತ್ರದಲ್ಲಿ ಇರಬಾರದು, ನ್ಯಾಯಾಲಯ ಪ್ರಕರಣವನ್ನು ಕೈಗೆತ್ತಿಕೊಂಡ 30 ದಿನದೊಳಗೆ ಮಗುವಿನ ಸಾಕ್ಷ್ಯ ದಾಖಲಾಗಬೇಕು ಎಂದಿದೆ. ಆ ಮೂವತ್ತು ದಿನದ ಬೆಲೆ ನನಗೆ ಅರ್ಥವಾದದ್ದು ಈ ಗ್ರಹಣದ ಲೆಕ್ಕ ಹಾಕುತ್ತ ಕೂತಾಗ. "ಅವನು ಹೊಡೆದನಾ?" ಎನ್ನುವುದಕ್ಕೂ "ಆಮೇಲೆ ಏನಾಯ್ತು?" ಎನ್ನುವುದಕ್ಕೂ ಅಜಗಜಾಂತರವಿದೆ.

ಇಷ್ಟೆಲ್ಲ ಆದ ಮೇಲೆ ನನ್ನಲ್ಲಿ ನಂಬುವಂಥ ಹಳೆಯ ನೆನಪು ಏನಾದರೂ ಉಳಿದಿದೆಯೇ ಎಂದು ಹುಡುಕಿದೆ. ಒಂದಿದೆ. ಅದನ್ನು ಯಾರಿಗೂ ಹೇಳಿರಲಿಲ್ಲ, ಹೇಳುವಂಥದ್ದು ಅದರಲ್ಲಿ ಏನೂ ಇಲ್ಲ. ಕೆನ್ನೆಗೆ ತಣ್ಣಗಿನ ಕಲ್ಲಿನ ನೆಲ. ಕತ್ತಲೆ. ಸ್ವಲ್ಪ ದೂರದಲ್ಲಿ, ನನ್ನ ಕಣ್ಣಿನ ಮಟ್ಟದಲ್ಲೇ, ಕಿತ್ತಳೆ ಬಣ್ಣದ ಕೆಂಡ. ಅದರ ಮೇಲೆ ಅಡ್ಡಡ್ಡ ಹಗ್ಗಗಳು. ಹಗ್ಗಗಳ ಸಂದಿನಿಂದ ಹೊಗೆ ಮೇಲೆ ಹೋಗುತ್ತದೆ. ಅಷ್ಟೇ. ಅಲ್ಲಿ ನಾನು ನನಗೆ ಕಾಣುವುದಿಲ್ಲ. ಮುಂದೆ ಹಿಂದೆ ಏನೂ ಇಲ್ಲ.

ಅವ್ವನನ್ನು ಕೇಳುವಾಗ ಎಚ್ಚರ ವಹಿಸಿದೆ. ಕೆಂಡ, ಹಗ್ಗ ಯಾವುದನ್ನೂ ಎತ್ತಲಿಲ್ಲ. "ತಮ್ಮ ಹುಟ್ಟಿದಾಗ ಬಾಣಂತನದ ಖೋಲಿ ಹೆಂಗಿತ್ತು?" ಎಂದಷ್ಟೇ ಕೇಳಿದೆ. ಅವ್ವ ಹೇಳುತ್ತ ಹೋದಳು: ಕಿಟಕಿ ಇಲ್ಲದ ನಡುಮನೆಯ ಖೋಲಿ, ನುಲಿ ಮಂಚ, ಮಂಚದ ಕೆಳಗೆ ಅಗ್ಗಿಷ್ಟಿಕೆ, ಅದಕ್ಕೆ ಹಾಕುತ್ತಿದ್ದ ಸಾಂಬ್ರಾಣಿ. "ನೀ ಒಳಗ ಬರೂ ಹಂಗಿರಲಿಲ್ಲ. ಹೊಸ್ತಿಲಾಗ ಮಕ್ಕೊಂಡು ಅಳತಿದ್ದಿ."

ಹೊಸ್ತಿಲಲ್ಲಿ ಮಲಗಿದ ಮಗುವಿಗೆ ಮಂಚದ ಅಡಿಯ ಕೆಂಡ ಕಾಣುವುದೇ ಸರಿ. ತಮ್ಮ ತಂಗಿಯರು ಹುಟ್ಟಿದ್ದು ಎರಡು ವರ್ಷದ ಹೊತ್ತಿನದಾದರೂ ಕೆಲವರಿಗೆ ನೆನಪಿರುತ್ತದೆ ಎಂದು 1993ರಲ್ಲಿ ಅಶರ್ ಮತ್ತು ನೈಸರ್ ಎಂಬ ಸಂಶೋಧಕರು ತಾಯಂದಿರನ್ನೂ ಕೇಳಿ ತಾಳೆ ನೋಡಿ ಬರೆದಿದ್ದಾರೆ. ಅವ್ವ ಮುಂದೆ ಯಾವಾಗಲೋ ಇದನ್ನು ನನ್ನೆದುರು ಹೇಳಿರಲೂಬಹುದು, ಪ್ರಮಾಣ ಮಾಡಿ ಹೇಳಲಾರೆ. ಆದರೂ ಚೆಂದದ ಗ್ರಹಣಕ್ಕಿಂತ ಈ ಕತೆಯಾಗದ ಚೂರನ್ನೇ ನಾನು ಹೆಚ್ಚು ನಂಬುತ್ತೇನೆ. ಇದನ್ನು ಯಾರಿಗೂ ತುತ್ತಿನ ಜೊತೆ ಉಣಿಸಬೇಕು ಎನಿಸಿರಲಾರದು.

ಮನೆ ಖಾಲಿ ಮಾಡಿದ ಕೊನೆಯ ದಿನ ಅವ್ವನೂ ಬಂದಿದ್ದಳು. ಕಬ್ಬಿಣದ ಟ್ರಂಕಿನ ತಳದಲ್ಲಿ ಆಯಿ ಹೊಲಿದ ಕೌದಿ ಸಿಕ್ಕಿತು. ಮನೆಮಂದಿಯ ಹಳೆಯ ಬಟ್ಟೆಯೆಲ್ಲ ಅದರಲ್ಲಿದೆ: ಅಜ್ಜನ ಧೋತರ, ಆಯಿಯ ಇಳಕಲ್ ಸೀರೆ, ಅಪ್ಪನ ಪಟ್ಟೆ ಅಂಗಿ. ಬಿಸಿಲಿಗೆ ಹರವಿ ಅತ್ತಿ ಒಂದು ತುಂಡಿನ ಮೇಲೆ ಕೈಯಿಟ್ಟಳು. ಅಂಗೈ ಅಗಲ, ಸವೆದು ಜಾಳಾದ ಹಸಿರು, ಮೇಲೆ ಬಿಳಿ ಚುಕ್ಕೆ.

"ಇದ ನೋಡು ನಿನ್ನ ಫ್ರಾಕು. ಫೋಟೋದಾಗಿಂದು."

ಅವ್ವ ಬಗ್ಗಿ ನೋಡಿದಳು. "ಅದಲ್ಲ ತಗೀ. ಅದು ಹುಡುಗನ ಅಂಗಿ. ಫ್ರಾಕು ಇದು." ಅವಳ ಬೆರಳು ಇನ್ನೊಂದು ಮೂಲೆಯ ನಸುನೀಲಿ ತುಂಡಿನ ಮೇಲಿತ್ತು.

ಇಬ್ಬರೂ ಬಹಳ ಹೊತ್ತು ಚರ್ಚೆ ಮಾಡಿದರು. ಯಾವ ಅಂಗಡಿಯ ಬಟ್ಟೆ, ಯಾರು ಹೊಲಿದದ್ದು, ಯಾರ ಮದುವೆಗೆ ತೊಡಿಸಿದ್ದು, ಎಲ್ಲ ಬಂತು. ಇಬ್ಬರಿಗೂ ಎಳ್ಳಷ್ಟೂ ಸಂಶಯವಿರಲಿಲ್ಲ. ನಾನು ನಡುವೆ ಬಾಯಿ ಹಾಕಲಿಲ್ಲ. ಫೋಟೊ ಕಪ್ಪುಬಿಳುಪಿನದು, ಅದನ್ನು ಕೇಳಿ ಪ್ರಯೋಜನವಿಲ್ಲ. ಇಡೀ ಕೌದಿಯಲ್ಲಿ ಕೆಂಪು ಇದ್ದದ್ದು ಸುತ್ತಲಿನ ಅಂಚಿನ ಪಟ್ಟಿಯಲ್ಲಿ ಮಾತ್ರ.

ಆ ರಾತ್ರಿ ಫೋಟೊವನ್ನು ಮಗುಚಿ, "ದೀಪಾವಳಿ 1980" ಎಂಬ ಶಾಯಿಯ ಕೆಳಗೆ ಪೆನ್ಸಿಲ್ಲಿನಲ್ಲಿ ಅವತ್ತಿನ ತಾರೀಖು ಹಾಕಿ ಬರೆದೆ: ಫ್ರಾಕು. ಅತ್ತಿ ಹಸಿರು ಅನ್ನುತ್ತಾಳೆ. ಅವ್ವ ನಸುನೀಲಿ ಅನ್ನುತ್ತಾಳೆ. ನನಗೆ ಕೆಂಪು.